ರಜೆಗೆಂದು ಆರಿಸಿದ ಕಾದಂಬರಿಗಳು

ಅಬ್ಬಾ ಮಂಡಿಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಸಂಜೆ ಮನೆಗೆ ಬರುವಾಗ ಅಂಗಿಯ ಮೇಲೆ ಮೆಕ್ಕೆಜೋಳದ ಧೂಳು, ಕೈಚೀಲದಲ್ಲಿ ಮಂಡಕ್ಕಿ, ಅದರ ಅಡಿಯಲ್ಲಿ ಬಾಡಿಗೆಗೆ ತಂದ ಒಂದು ಕಾದಂಬರಿ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟನೆಯದಕ್ಕೆ ಕನ್ನಡ ಮಾಧ್ಯಮ ಸೇರಿದ್ದ ನನಗೆ ಒತ್ತಕ್ಷರಗಳೆಂದರೆ ಭಯ. ಆ ಭಯ ಬಿಡಿಸಿದ್ದು ಆ ಬಾಡಿಗೆ ಪುಸ್ತಕಗಳು. ಒಂದು ದಿನ ಮನೆಗೆ ಬಂದಿದ್ದ ಹಿರಿಯ ಸಂಬಂಧಿಕರೊಬ್ಬರು, ‘ನಾವೆಲ್ ಓದುವ ಹುಡುಗಿ ಮನೆತನಕ್ಕೆ ಆಗಿಬರುವುದಿಲ್ಲ’ ಎಂದು ನನ್ನ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು ಹೋದರು. ಪುಸ್ತಕ ಮರಳಿ ಬರಲಿಲ್ಲ. ಅಬ್ಬಾ ಮಾತನಾಡದೆ ಅಂಗಡಿಯವನಿಗೆ ಅದರ ಪೂರ್ತಿ ಬೆಲೆ ತೆತ್ತರು. ಆ ಕತೆಯ ಕೊನೆ ಏನಾಯಿತೆಂದು ನನಗೆ ಇಂದಿಗೂ ತಿಳಿಯದು.

ಈಚೆಗೆ ಒಂದು ಬೇಸಿಗೆಯ ಮುಂಚೆ ನಮ್ಮೂರಿನ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆಸಿದರು. ದಾನಿಯೊಬ್ಬರು ಸ್ವಲ್ಪ ಹಣ ಕೊಟ್ಟಿದ್ದಾರೆ, ಒಂಬತ್ತನೇ ತರಗತಿಯ ಮಕ್ಕಳು ರಜೆಯಲ್ಲಿ ತಾವಾಗಿಯೇ ಓದುವಂತಹ ಜಗತ್ತಿನ ಒಳ್ಳೆಯ ಕಾದಂಬರಿಗಳನ್ನು ಆರಿಸಿ ಕೊಡಿ ಎಂದರು. ಕತೆ ಬರೆಯುವವಳಿಗೆ ಇದೇನು ಮಹಾ ಕೆಲಸ ಎಂದು ಒಪ್ಪಿಕೊಂಡೆ. ಕೂತು ಪಟ್ಟಿ ಮಾಡಲು ಹೊರಟಾಗ ಕಷ್ಟ ಗೊತ್ತಾಯಿತು.

ಕನ್ನಡದಲ್ಲಿ ಪುಸ್ತಕಗಳಿಗೆ ಬರವಿಲ್ಲ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ದೇಜಗೌ ತಂದಿದ್ದಾರೆ. ಆದರೆ ಅದನ್ನು ಹದಿನಾಲ್ಕರ ಮಗುವಿನ ಕೈಗಿಟ್ಟರೆ ರಜೆ ಮುಗಿಯುವುದರೊಳಗೆ ಅದು ಓದಿಗೇ ಸಲಾಂ ಹೇಳೀತು. ಗಾರ್ಕಿಯ ‘ತಾಯಿ’ ನಿರಂಜನರ ಕನ್ನಡದಲ್ಲಿದೆ. ಹಿಂದೊಮ್ಮೆ ಹತ್ತಿಗಿರಣಿಗಳ ಸೈರನ್ ಕೇಳಿ ಏಳುತ್ತಿದ್ದ ದಾವಣಗೆರೆಗೆ ಕಾರ್ಖಾನೆಯ ಆ ಕತೆ ದೂರದ್ದಲ್ಲ. ಆದರೂ ಒಬ್ಬಿಬ್ಬರಿಗೆ ಹೊಂದೀತು, ಎಲ್ಲರಿಗಲ್ಲ. ತೇಜಸ್ವಿ ಮತ್ತು ಪ್ರದೀಪ್ ಕೆಂಜಿಗೆಯವರ ‘ಪ್ಯಾಪಿಲಾನ್’ ಅನ್ನು ಮೊದಲ ಸಾಲಿಗೇ ಬರೆದೆ. ಸೆರೆಮನೆಯಿಂದ ತಪ್ಪಿಸಿಕೊಳ್ಳುವವನ ಕತೆ ಕೈಗೆ ಬಂದರೆ ಕ್ರಿಕೆಟ್ ಹುಡುಗರೂ ಮರದಡಿ ಕೂರುತ್ತಾರೆಂಬುದು ನನ್ನ ಲೆಕ್ಕ. ಅಚೆಬೆಯ ನೈಜೀರಿಯಾದ ಕಾದಂಬರಿಯನ್ನೂ ಸೇರಿಸಿದೆ. ಗೆಣಸಿನ ರಾಶಿ ನೋಡಿ ಮನುಷ್ಯನ ಅಂತಸ್ತು ಅಳೆಯುವ ಆ ಊರು, ಕಾಳಿನ ರಾಶಿಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ತಾನಾಗಿಯೇ ಅರ್ಥವಾಗುತ್ತದೆ.

ಕೊನೆಗೆ ಮೂರು ಸಂಗತಿಗಳನ್ನು ನೋಡಿ ಆರಿಸಿದೆ. ಪುಸ್ತಕ ದಪ್ಪವಿರಬಾರದು. ಅನುವಾದದ ಕನ್ನಡ ಬಾಯಿಬಿಟ್ಟು ಓದಿದರೆ ಎಡವಬಾರದು. ಮೂರನೆಯದು, ಮುಗಿಸಿದ ಮೇಲೆ ಮಗು ಯಾರಿಗಾದರೂ ಒಂದು ಪ್ರಶ್ನೆ ಕೇಳುವಂತಿರಬೇಕು. ಇದರ ಜೊತೆಗೆ ಒಂದು ವಿನಂತಿ ಮಾಡಿದೆ: ಸಾರಾಂಶ ಬರೆಸಬೇಡಿ, ಅಂಕ ಕೊಡಬೇಡಿ. ಮುಖ್ಯೋಪಾಧ್ಯಾಯಿನಿ ತುಸು ಹೊತ್ತು ಯೋಚಿಸಿ ಒಪ್ಪಿದರು.

ಒಂದು ಪುಸ್ತಕದ ವಿಷಯದಲ್ಲಿ ಮಾತ್ರ ನಾನು ಅಪ್ರಾಮಾಣಿಕಳಾದೆ. ವೈಕಂ ಮುಹಮ್ಮದ್ ಬಷೀರರ ‘ಬಾಲ್ಯಕಾಲ ಸಖಿ’ಯನ್ನು ಬರೆದು ಹೊಡೆದುಹಾಕಿದೆ. 1944ರ ಆ ಪುಟ್ಟ ಕಾದಂಬರಿಯಲ್ಲಿ ಮಜೀದ್ ಮತ್ತು ಸುಹರಾ ನೆರೆಮನೆಯ ಮಕ್ಕಳು, ಒಂದೇ ಶಾಲೆಯವರು, ಮುಂದೆ ಒಬ್ಬರನ್ನೊಬ್ಬರು ಪ್ರೀತಿಸುವವರು. ‘ಮುಸ್ಲಿಂ ಹುಡುಗಿಯರ ಕೈಗೆ ಪ್ರೇಮದ ಕತೆ ಕೊಟ್ಟಳು’ ಎಂದು ಯಾರಾದರೂ ಶಾಲೆಯ ಬಾಗಿಲಿಗೆ ಬಂದರೆ? ಮುಖ್ಯೋಪಾಧ್ಯಾಯಿನಿಗೇಕೆ ತೊಂದರೆ? ಹೀಗೆಲ್ಲ ಸಮಾಧಾನ ಹೇಳಿಕೊಂಡೆ.

ಆ ರಾತ್ರಿ ನೆನಪಾದವರು ಡೆಪ್ಯುಟಿ ನಜೀರ್ ಅಹ್ಮದ್. ತಮ್ಮ ಹೆಣ್ಣುಮಕ್ಕಳಿಗೆ ಓದಿಸಲು ತಕ್ಕ ಪುಸ್ತಕ ಸಿಗಲಿಲ್ಲವೆಂದು ಅವರೇ ಬರೆದುಕೊಟ್ಟದ್ದು ‘ಮಿರಾತುಲ್ ಉರೂಸ್’. 1869ರಲ್ಲಿ ಅಚ್ಚಾದ ಅದನ್ನು ಉರ್ದುವಿನ ಮೊದಲ ಕಾದಂಬರಿ ಎನ್ನುವವರಿದ್ದಾರೆ. ಅಂದಿನ ಸರ್ಕಾರ ಸಾವಿರ ರೂಪಾಯಿ ಬಹುಮಾನ ಕೊಟ್ಟಿತ್ತು. ಅಮ್ಮಿಗೆ ಓದಲು ಒಪ್ಪಿಗೆಯಿದ್ದ ಒಂದೇ ಕಾದಂಬರಿ ಅದು. ಆದರೆ ಅದೇ ನಜೀರ್ ಅಹ್ಮದರು 1870ರ ದಶಕದಲ್ಲಿ ಬರೆದ ‘ತೌಬತುನ್ನಸೂಹ್’ನಲ್ಲಿ, ಕಾಲರಾದಿಂದ ಬದುಕಿ ಉಳಿದ ತಂದೆ ಮನೆಯನ್ನು ತಿದ್ದಲು ಹೊರಟು, ಮಾತು ಕೇಳದ ಹಿರಿಯ ಮಗನ ಪುಸ್ತಕಗಳನ್ನು ಸುಡುತ್ತಾನೆ. ಮಗಳಿಗಾಗಿ ಪುಸ್ತಕ ಬರೆದ ಕೈಯೇ ಮಗನ ಪುಸ್ತಕ ಸುಡುವವನನ್ನೂ ಬರೆಯಿತು. ಮಕ್ಕಳ ಒಳಿತಿಗೆಂದು ಆರಿಸಲು ಕೂತವರಿಗೆ ಈ ಎರಡೂ ದಾರಿಗಳು ಬಹಳ ಹತ್ತಿರದವು. ನನ್ನ ಕೈಯ ಪೆನ್ನು, ಅಂದು ನನ್ನ ಪುಸ್ತಕ ಒಯ್ದ ಆ ಹಿರಿಯರ ಕೆಲಸವನ್ನೇ ಮಾಡಿತ್ತು. ಬೆಳಿಗ್ಗೆ ಎದ್ದು ಬಷೀರರನ್ನು ಮತ್ತೆ ಸೇರಿಸಿದೆ.

ಪಟ್ಟಿ ನೋಡಿದ ಶಿಕ್ಷಕರೊಬ್ಬರು, ‘ಜಗತ್ತಿನ ಸಾಹಿತ್ಯ ಅಂದಿದ್ದೆವು ಮೇಡಂ, ಇದು ಪಕ್ಕದ ಕೇರಳದ್ದಲ್ಲವೇ?’ ಎಂದರು. ‘ಕೇರಳ ಜಗತ್ತಿನ ಹೊರಗಿದೆಯೇ ಸರ್?’ ಎಂದೆ. ಬಷೀರರ ಇದೇ ಕತೆ 1980ರಲ್ಲಿ ಎಡಿನ್‌ಬರೋದಿಂದ ಇಂಗ್ಲಿಷಿನಲ್ಲಿ ಬಂದಿದೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ, ದೀಪಾ ಭಾಸ್ತಿಯವರ ಅನುವಾದದ ಮೂಲಕ ನಮ್ಮದೇ ಕನ್ನಡದ ಮುಸ್ಲಿಂ ಹೆಂಗಸರು ಲಂಡನ್ನಿನವರಿಗೆ ಜಗತ್ತಿನ ಸಾಹಿತ್ಯವಾದರು. ನಾವು ದೂರದಿಂದ ನೋಡಿದರಷ್ಟೇ ದೊಡ್ಡದೆನ್ನುತ್ತೇವೆ.

ಜೂನ್‌ನಲ್ಲಿ ಪುಸ್ತಕಗಳು ಮರಳಿದವು. ‘ಪ್ಯಾಪಿಲಾನ್’ನ ರಟ್ಟು ಕಿತ್ತುಬಂದಿತ್ತು, ಸಂತೋಷವಾಯಿತು. ಅಚೆಬೆಯನ್ನು ಓದಿದ ಹುಡುಗನೊಬ್ಬ, ತನ್ನನ್ನು ಅಪ್ಪನೆಂದು ನಂಬಿದ ಹುಡುಗನ ಮೇಲೆ ಒಕಾಂಕ್ವೊ ಕತ್ತಿ ಎತ್ತಿದ್ದು ಯಾಕೆ ಎಂದು ಕೇಳಿದ. ಜನ ಹೇಡಿ ಎಂದಾರೆಂಬ ಭಯಕ್ಕೆ ಎಂದೆ. ಅವನು ತಲೆ ಕೆಳಗೆ ಹಾಕಿ, ‘ಭಯ ಇದ್ದವರೇ ಜಾಸ್ತಿ ಹೊಡೀತಾರೆ’ ಎಂದ. ಯಾರನ್ನು ನೆನೆದು ಹೇಳಿದನೋ, ನಾನು ಕೇಳಲಿಲ್ಲ.

ಬಷೀರರ ಪುಸ್ತಕ ಮಾತ್ರ ಬರಲಿಲ್ಲ. ಒಯ್ದವಳು ಮಂಡಕ್ಕಿ ಭಟ್ಟಿಯ ಕಡೆಯ ಹುಡುಗಿ. ತಂದೆಯಿಲ್ಲ, ತಾಯಿ ಭಟ್ಟಿಯಲ್ಲಿ ಕೂಲಿ. ಕೇಳಿದಾಗ ನಾಚಿಕೊಂಡು ಹೇಳಿದಳು: ‘ಅಮ್ಮಿಗೆ ಕನ್ನಡ ಓದಕ್ಕೆ ಬರಲ್ಲ ಆಪಾ. ದಿನಾ ರಾತ್ರಿ ನಾನೇ ನಮ್ಮ ಮಾತಲ್ಲಿ ಹೇಳ್ತೀನಿ. ನಿಲ್ಲಿಸಿದರೆ “ಫಿರ್ ಕ್ಯಾ ಹುವಾ?” ಅಂತಾರೆ.’ ಮಲಯಾಳದಿಂದ ಕನ್ನಡಕ್ಕೆ ಬಂದ ಸುಹರಾ, ದಾವಣಗೆರೆಯ ಒಂದು ತಗಡಿನ ಮನೆಯಲ್ಲಿ ದಖನಿ ಮಾತನಾಡುತ್ತಿದ್ದಳು.

ನಾನು ಹೆದರಿದ್ದ ಪ್ರೇಮದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅವಳ ಪ್ರಶ್ನೆ ಬೇರೆಯಿತ್ತು. ‘ಲೆಕ್ಕದಲ್ಲಿ ಮಜೀದನಿಗಿಂತ ಸುಹರಾನೇ ಚುರುಕು. ಬಾಪ್ ತೀರಿಕೊಂಡರು ಅಂತ ಅವಳ ಶಾಲೆ ಯಾಕೆ ಬಿಡಿಸಿದರು ಆಪಾ? ಮಜೀದನ ಮನೇಲಿ ದುಡ್ಡಿತ್ತಲ್ಲ?’

‘ಅಮ್ಮಿ ಏನಂದರು?’ ಎಂದೆ.

‘ಆ ಜಾಗ ಬಂದಾಗ ಏನೂ ಕೇಳಲಿಲ್ಲ. ದೀಪ ಆರಿಸು ಅಂದರು. ಮಾರನೇ ದಿನ ಮತ್ತೆ ಅಲ್ಲಿಂದಲೇ ಹೇಳು ಅಂದರು.’

ಎಸ್ಸೆಸ್ಸೆಲ್ಸಿ ಆದಮೇಲೆ ಈ ಹುಡುಗಿ ಕಾಲೇಜಿಗೆ ಹೋಗುತ್ತಾಳೋ ಇಲ್ಲವೋ, ಅವರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಒಂದು ಕಾದಂಬರಿ ಫೀಸು ಕಟ್ಟುವುದಿಲ್ಲ ಎಂಬುದು ನನಗೆ ಗೊತ್ತು. ಆ ಮಾತು ಆಡಲೆಂದು ಮುಖ್ಯೋಪಾಧ್ಯಾಯಿನಿಯೂ ನಾನೂ ಒಂದು ಭಾನುವಾರ ಅವರ ಮನೆಗೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಪುಸ್ತಕವನ್ನು ಮರಳಿ ಕೇಳಬಾರದೆಂದು ಶಾಲೆಯವರಿಗೆ ಹೇಳಿದ್ದೇನೆ. ಅದರ ಬೆಲೆಯನ್ನು ನಾನೇ ಕಟ್ಟಿದೆ, ಅಬ್ಬಾ ಕಟ್ಟಿದ ಹಾಗೆ. ವ್ಯತ್ಯಾಸವಿಷ್ಟೇ, ಈ ಸಲ ಕತೆಯ ಕೊನೆಯವರೆಗೂ ಪುಸ್ತಕ ಓದುವವಳ ಕೈಯಲ್ಲೇ ಇದೆ.