ಪಟ್ಟಿ ಸುತ್ತಿದ ಪೈಪು

ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯೇನಲ್ಲ. ಎಷ್ಟೇ ಬಿಸಿಲಿದ್ದರೂ ಕುಸನೂರಿನ ನಮ್ಮ ಮನೆ ಮುಂದಿನ ಪಿಕಪ್ ನಿಲ್ಲುವಂತಿಲ್ಲ. ಅಣ್ಣತಮ್ಮಂದಿರಾದ ನಮ್ಮಿಬ್ಬರ ಸಂಸಾರ ನಡೆಯುವುದು ಆ ಡೀಸೆಲ್ ಗಾಡಿಯ ಬಾಡಿಗೆಯಿಂದಲೇ. ಕಮಲಾಪುರದ ಕೆಂಪು ಬಾಳೆ, ತೊಗರಿ ಚೀಲ, ಮದುವೆ ಮನೆಯ ಪಾತ್ರೆ ಎಲ್ಲವನ್ನೂ ಅದು ಹೊತ್ತಿದೆ.

ಆ ವರ್ಷ ಯುಗಾದಿಯ ಹೊತ್ತಿಗೆ ಮಿಸ್ತ್ರಿ ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಹಿಸುಕಿ ನೋಡಿದ. ಕ್ಲಿಪ್ಪಿನ ಹತ್ತಿರ ಅದು ಮೆತ್ತಗಾಗಿ ಉಬ್ಬಿತ್ತು. “ಸಾಹೇಬ್ರ, ಇದು ಬ್ಯಾಸಗಿ ತನಕ ಬಾಳಂಗಿಲ್ರೀ. ಎರಡೂ ಪೈಪ್ ಬದಲಿ ಮಾಡ್ರಿ” ಎಂದ. ಟೈರಿಗೆಂದು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಮುಂದಿನ ತಿಂಗಳು ನೋಡೋಣವೆಂದು ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿಸಿ ಮನೆಗೆ ಬಂದೆವು. ಗಾಡಿ ಓಡಿಸುವ ಅಕ್ಕನ ಮಗನಿಗೆ ಮಿಸ್ತ್ರಿಯ ಮಾತು ತಿಳಿಸಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಕಮಲಾಪುರದಿಂದ ಬಾಳೆ ಹೇರಿಕೊಂಡು ಬರುವಾಗ ಪೈಪು ಸೀಳಿತು. ಅವನು ಮೀಟರ್ ನೋಡುತ್ತಲೇ ಇದ್ದನಂತೆ, ಮುಳ್ಳು ಏರಲಿಲ್ಲ. ನೀರು ಸೋರಿಹೋದರೆ ಸೆನ್ಸರ್ ಬರೀ ಹಬೆಯಲ್ಲಿ ಉಳಿದು ಕೆಲವೊಮ್ಮೆ ಸುಳ್ಳು ಲೆಕ್ಕ ತೋರಿಸುತ್ತದೆ ಎಂಬುದು ನಮಗೆ ಆಮೇಲೆ ತಿಳಿಯಿತು. ಹೊಗೆ ಕಂಡು ಗಾಡಿ ನಿಲ್ಲಿಸಿದವನು ನೀರು ಹಾಕಲೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಆ ಮುಚ್ಚಳದ ಕೆಳಗೆ ಒತ್ತಡವಿರುವುದರಿಂದ ಒಳಗಿನ ನೀರು 100 ಡಿಗ್ರಿ ಮೀರಿದರೂ ಕುದಿಯುವುದಿಲ್ಲ. ತೆರೆದ ಕೂಡಲೇ ಒಮ್ಮೆಗೇ ಹಬೆಯಾಗಿ ಚಿಮ್ಮುತ್ತದೆ. ಹುಡುಗನ ಬಲಗೈ ಮೊಣಕೈವರೆಗೆ ಸುಟ್ಟಿತು.

ನೋಡಲು ಬಂದ ನೆಂಟರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು: “ಅವಸರದ ಹುಡುಗ, ಬಿಸಿ ಎಂಜಿನ್ನಿನ ಮುಚ್ಚಳ ತೆಗೆದ.” ಅದು ಸುಳ್ಳಲ್ಲ. ಆದರೆ ಯುಗಾದಿಯ ಸುದ್ದಿಯನ್ನು ನಾವು ಬಾಯಿ ಬಿಡಲಿಲ್ಲ. ಕೈಗೆ ಪಟ್ಟಿ ಕಟ್ಟಿಕೊಂಡ ಅವನು ತಲೆ ತಗ್ಗಿಸಿ ಕುಳಿತಿದ್ದ.

ಗಾಡಿ ಗ್ಯಾರೇಜಿಗೆ ಹೋಯಿತು. ಸಿಲಿಂಡರ್ ಹೆಡ್ ಸೊಟ್ಟಗಾಗದೆ ಉಳಿದದ್ದೇ ಪುಣ್ಯ. ಮಿಸ್ತ್ರಿ ಹಳೆಯ ಪೈಪನ್ನು ಚಾಕುವಿನಿಂದ ಸೀಳಿ ತೋರಿಸಿದ. ಒಳಗೆಲ್ಲ ಬಿರುಕು, ನೂಲಿನ ಪದರು ಕೊಳೆತಿತ್ತು. ಬೋರ್‌ವೆಲ್ಲಿನ ಗಡಸು ನೀರನ್ನೇ ತುಂಬುತ್ತ ಬಂದದ್ದರಿಂದ ಲೋಹದ ಬಾಯಿಯಲ್ಲಿ ಬಿಳಿ ಸುಣ್ಣ ಕಟ್ಟಿತ್ತು. ಅವನು ಅದನ್ನು ಕೆರೆದು ತೆಗೆದು, ಹೊಸ ಪೈಪು ಸೇರಿಸಿ, ಹೊಸ ಕ್ಲಿಪ್ಪು ಬಿಗಿದ. ಕೂಲಂಟ್ ತುಂಬಿ, ತಣ್ಣಗಿದ್ದಾಗಲೇ ಮುಚ್ಚಳ ತೆಗೆದಿಟ್ಟು ಎಂಜಿನ್ ಚಾಲೂ ಮಾಡಿ ಒಳಗಿನ ಗಾಳಿ ಹೊರಬಿಟ್ಟ. ಹಳೆಯ ಕೂಲಂಟನ್ನು ಡಬ್ಬಿಯಲ್ಲಿ ಹಿಡಿದಿಟ್ಟ. ಅದು ಸಿಹಿಯಾಗಿರುವ ವಿಷ, ಚೆಲ್ಲಿದರೆ ನಾಯಿ, ಆಡು ನೆಕ್ಕುತ್ತವೆ. ಎಲ್ಲ ಸೇರಿ ಎರಡು ತಾಸಿನ ಕೆಲಸ. ಬಿದ್ದ ಖರ್ಚು ನಾವು ದವಾಖಾನೆಗೆ ಕಟ್ಟಿದ್ದರ ಕಾಲುಭಾಗವೂ ಆಗಲಿಲ್ಲ.

ಸೀಳಿದ ಪೈಪನ್ನು ಹಿಡಿದುಕೊಂಡೇ ಅಕ್ಕನ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಗಾಡಿ ಸುಧಾರಿಸ್ತು. ನನ್ನ ಮಗನ ಹೆಸರು ಯಾರು ಸುಧಾರಿಸ್ತೀರಿ?” ಎಂದಳು.

ಆ ವಾರ ನಾವು ಮತ್ತೆ ನೆಂಟರ ಮನೆಗಳಿಗೆ ಹೋದೆವು. ಒಂದೊಂದು ಮನೆಯಲ್ಲೂ ಚಹಾ ಕುಡಿದು, ತಪ್ಪು ಹುಡುಗನದಲ್ಲ, ನಮ್ಮದು ಎಂದು ಹೇಳಿ ಬಂದೆವು. ಟೈರಿನ ಸಾಲ ತೀರಿಸುವುದಕ್ಕಿಂತ ಅದು ಕಷ್ಟವಾಯಿತು.

ಈಗ ತಿಂಗಳಿಗೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅವನು ಎರಡೂ ಪೈಪುಗಳನ್ನು ತುದಿಯಿಂದ ತುದಿಗೆ ಹಿಸುಕಿ ನೋಡುತ್ತಾನೆ. ನಾವು ಪಕ್ಕದಲ್ಲಿ ನಿಂತಿರುತ್ತೇವೆ. “ಮಾಮು, ಇದು ಬದಲಿ ಆಗಬೇಕು” ಎಂದು ಅವನು ಅಂದರೆ, ಮುಂದಿನ ತಿಂಗಳು ನೋಡೋಣ ಎನ್ನುವ ಮಾತು ನಮ್ಮ ಮನೆಯಲ್ಲಿ ಈಗಿಲ್ಲ.