ಏಳನೇ ಸಾಲಿನ ಕಲ್ಲು

ಸೋಮವಾರ. ಹುಬ್ಬಳ್ಳಿಯ ಈ ಹಳೆಯ ಗೋದಾಮಿಗೆ ಶಹಾಬಾದ್ ಕಲ್ಲಿನ ಹಾಸು. ಹಮಾಲರ ಬೆನ್ನ ಮೇಲೆ ಚೀಲ ಸಾಗುತ್ತಿದ್ದ ಕಾಲದಲ್ಲಿ ಹಾಕಿದ್ದು. ಅವರ ಕಾಲಿಗೆ ತಿಳಿಯದ ಏರುತಗ್ಗು, ಈಗ ಚೀಲ ಎತ್ತಿ ಸಾಗಿಸುವ ಬ್ಯಾಟರಿ ಸ್ಟ್ಯಾಕರಿಗೆ ತಿಳಿಯುತ್ತಿದೆ. ಏಳನೇ ಸಾಲಿನ ಬಳಿ ಗಾಡಿ ನಿಂತೇಬಿಡುತ್ತದೆ. ಓಡಿಸುವವನ ಕೈ ಸರಿಯಿಲ್ಲ ಎಂದು ಎಲ್ಲರ ತೀರ್ಪು. ಅವನು ಹೇಳುವುದೇ ಬೇರೆ: "ಹೇರಿದಾಗ ಹೆಂಗೋ ದಾಟತೈತ್ರಿ ಸಾಹೇಬ್ರ. ಖಾಲಿ ಇದ್ರ ನಿಲ್ಲತೈತಿ." ಹಿಂಡಿಯ 20 ಚೀಲ, ಅಂದರೆ 1000 ಕಿಲೋ ಹೊತ್ತು ದಾಟುವ ಗಾಡಿ ಬರಿದಾದಾಗ ಸೋಲುವುದೆಂದರೇನು?

ಬ್ಯಾಟರಿ ಮೇಲೆ ಅನುಮಾನ. 12 ವೋಲ್ಟಿನವು ಎರಡು. ಚಾರ್ಜ್ ಆಗಿ ನಿಂತಿದ್ದಾಗ ಮೀಟರ್ 25.4 ತೋರಿಸಿತು. ಸಿಕ್ಕಿಕೊಂಡ ಹೊತ್ತಿನಲ್ಲೇ ಮತ್ತೆ ನೋಡಿದೆ, ಹೆಚ್ಚೇನೂ ಇಳಿದಿಲ್ಲ. ಮೋಟಾರು ಭಾರಕ್ಕೆ ಸೋತಿದ್ದರೆ ಕರೆಂಟು ಏರಿ ವೋಲ್ಟ್ ಕುಸಿಯಬೇಕಿತ್ತು. ಬಗ್ಗಿ ನೋಡಿದೆ: ಡ್ರೈವ್ ವೀಲ್ ತಿರುಗುತ್ತಲೇ ಇದೆ, ಗಾಡಿ ಕದಲುತ್ತಿಲ್ಲ.

ಮಂಗಳವಾರ. ಇಷ್ಟು ದಿನ ಮುಂದಿನ ರೋಲರುಗಳ ಕಡೆಗೇ ನನ್ನ ಕಣ್ಣು. 80 ಮಿ.ಮೀ. ವ್ಯಾಸದ ಗಟ್ಟಿ ರೋಲರು 3 ಮಿ.ಮೀ. ಅಂಚು ಹತ್ತಬೇಕಾದರೆ ತನ್ನ ಮೇಲಿನ ಭಾರದ ಶೇ. 40ರಷ್ಟು ಬಲದಿಂದ ನೂಕಬೇಕು ಎಂದು ಲೆಕ್ಕ ಬಂದಿತ್ತು. ಹಾಗಾಗಿ ಕಲ್ಲಿನ ಸಂದುಗಳನ್ನೇ ದೂರುತ್ತಿದ್ದೆ. ಇವತ್ತು, ನಿಂತಾಗಲೆಲ್ಲ ಡ್ರೈವ್ ವೀಲಿನ ಪಕ್ಕ ಸೀಮೆಸುಣ್ಣದ ಗುರುತು ಹಾಕಿದೆ. ಐದೂ ಗುರುತು ಒಂದೇ ಕಲ್ಲಿನ ಮೇಲೆ!

ಗವಂಡಿಯ ಪಟ್ಟಿ ತಂದು ಅಡ್ಡ ಇಟ್ಟೆವು. ಆ ಕಲ್ಲು ಅಕ್ಕಪಕ್ಕದವಕ್ಕಿಂತ 6 ಮಿ.ಮೀ. ಕೆಳಗಿದೆ. ಡ್ರೈವ್ ವೀಲಿನ ಎರಡೂ ಬದಿಗೆ ಆಸರೆಯ ಪುಟ್ಟ ಕ್ಯಾಸ್ಟರುಗಳಿವೆ. ಅವು ನೆರೆಯ ಕಲ್ಲುಗಳ ಮೇಲೆ ನಿಂತು ಹಿಂಭಾರವನ್ನೆಲ್ಲ ಹೊತ್ತುಬಿಡುತ್ತವೆ. ನಡುವಿನ ಚಕ್ರ ತಗ್ಗಿನಲ್ಲಿ ನೆಲವನ್ನು ಸವರುತ್ತದೆ, ಒತ್ತುವುದಿಲ್ಲ. ಅದರ ಪಾಲಿಯುರೆಥೇನ್ ಸುತ್ತಲೂ 4 ಮಿ.ಮೀ. ಸವೆದಿದೆ ಬೇರೆ. ಹೇರಿದಾಗ ಕ್ಯಾಸ್ಟರಿನ ಸ್ಪ್ರಿಂಗು ಇನ್ನಷ್ಟು ಕುಗ್ಗಿ ಚಕ್ರ ನೆಲಕ್ಕೆ ತಾಗುತ್ತಿರಬೇಕು. ಓಡಿಸುವವನ ಮಾತನ್ನು ಮೊದಲ ದಿನವೇ ಕಿವಿಗೊಟ್ಟು ಕೇಳಬೇಕಿತ್ತು.

ಗುರುವಾರ. ಹೊಸ ಚಕ್ರ ಬಂತು, ಸ್ಪ್ರಿಂಗುಗಳನ್ನು ಹೊಂದಿಸಿದರು. ಖಾಲಿ ಗಾಡಿ ಆ ಕಲ್ಲನ್ನು ಸಲೀಸಾಗಿ ದಾಟಿತು. "ನೋಡ್ರಿ, ನಾ ಹೇಳಿದ್ನಿಲ್ಲೋ?" ಎಂದ. ಹೇಳಿದ್ದ, ನಿಜ.

ಎಲ್ಲರೂ ಕೆಲಸ ಮುಗಿಯಿತು ಅಂದರು. ನನಗೆ ನೆಮ್ಮದಿಯಿಲ್ಲ. ಮುಂದಿನ ಎರಡು ರೋಲರುಗಳ ನಡುವಿನ ಅಂತರ ಸುಮಾರು 400 ಮಿ.ಮೀ. ಒಂದು ಆ ತಗ್ಗುಗಲ್ಲಿನ ಮೇಲೆ, ಇನ್ನೊಂದು ಪಕ್ಕದ ಕಲ್ಲಿನ ಮೇಲೆ ನಿಂತರೆ 6 ಮಿ.ಮೀ. ಓರೆ. ಅದೇ ಓರೆ, ಚೀಲಗಳನ್ನು ಮೇಲೇರಿಸುವ ಮಾಸ್ಟಿನ 3 ಮೀಟರ್ ಎತ್ತರದಲ್ಲಿ 45 ಮಿ.ಮೀ. ಆಗುತ್ತದೆ, ಮಾಸ್ಟು ಬಾಗುವುದು ಸೇರಿಸದೆಯೇ. ಕೆಳಗೆ ಹಿಡಿಕೆ ಹಿಡಿದು ನಿಲ್ಲುವವನು ಆ ಓಡಿಸುವವನೇ. ಗಾಡಿ ಅಲ್ಲಿ ಸಿಕ್ಕಿಕೊಳ್ಳುತ್ತಿದ್ದಾಗ ಯಾರೂ ಆ ಜಾಗದಲ್ಲಿ ಎತ್ತುತ್ತಿರಲಿಲ್ಲ, ಈಗ ಎತ್ತುತ್ತಾರೆ. ಕಲ್ಲು ಸರಿಯಾಗುವ ತನಕ ಏಳನೇ ಸಾಲಿನಲ್ಲಿ ನೆಲದ ಮಟ್ಟಕ್ಕಷ್ಟೇ ಇಡಬೇಕೆಂದು ಬರೆದು ಕಂಬಕ್ಕೆ ಅಂಟಿಸಿದೆ.

ಇಷ್ಟು ಕಲ್ಲುಗಳಲ್ಲಿ ಅದೊಂದೇ ಯಾಕೆ ಇಳಿಯಿತು? ಕೋಲಿನಿಂದ ತಟ್ಟಿದರೆ ಟೊಳ್ಳು ಸದ್ದು. ಹೆಗ್ಗಣ ಮಣ್ಣು ಕೆದರಿದೆಯೋ, ಗೋಡೆಯ ಕಡೆಯಿಂದ ಮಳೆನೀರು ನುಗ್ಗಿ ಅಡಿಯ ಮರಳು ಜಾರಿದೆಯೋ. ನಾಳೆ ಗವಂಡಿ ಕಲ್ಲು ಎಬ್ಬಿಸುತ್ತಾನೆ.