ಹೊಳೆಯ ಗುರುತು

ಗೋಕಾಕದ ಕರದಂಟಿನ ಸವಿಯನ್ನು ಅರಿಯದ ಮನೆ ನಮ್ಮ ಕಡೆ ವಿರಳ. ಆದರೆ ಆ ಊರಿನ ಚರಿತ್ರೆಯನ್ನು ಮಕ್ಕಳಿಗೆ ಹೇಳಿಕೊಟ್ಟ ಮನೆಗಳೆಷ್ಟು? ಈ ಪ್ರಶ್ನೆಯನ್ನು ನಾವು ಮೊದಲು ನಮಗೇ ಹಾಕಿಕೊಳ್ಳಬೇಕಾಯಿತು.

ನಾವು ಅರಭಾವಿಯವರು. ದುರದುಂಡೀಶ್ವರ ಮಠದ ದರ್ಶನಕ್ಕೆಂದು ಬಂದ ಬೀಗರನ್ನು ಗೋಕಾಕದ ಜಲಪಾತಕ್ಕೆ ಕರೆದೊಯ್ಯುವುದು ನಮ್ಮ ಮನೆಯ ವಾಡಿಕೆ. ಅಲ್ಲಿ ಘಟಪ್ರಭೆಯು ಕುದುರೆಲಾಳದಾಕಾರದ ಬಂಡೆಯಿಂದ 52 ಮೀಟರ್ ಕೆಳಗೆ ಧುಮುಕುತ್ತಾಳೆ. ದಡದಲ್ಲಿ ಚಾಲುಕ್ಯರ ಕಾಲದ ಮಹಾಲಿಂಗೇಶ್ವರ ದೇವಾಲಯ. ಹೊಳೆಯ ಮೇಲೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಸನಿಹದಲ್ಲಿಯೇ 1887ರಲ್ಲಿ ಈ ನೀರಿನ ಬಲದಿಂದ ಕೆಲಸವಾರಂಭಿಸಿದ ನೂಲಿನ ಗಿರಣಿ. ಇವೆಲ್ಲವನ್ನೂ ಅಭಿಮಾನದಿಂದ ತೋರಿಸಿ, ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು.

ಗೋಕಾಕ ಪೇಟೆಯಲ್ಲಿ ನಮ್ಮ ತವರುಮನೆಯಿದೆ. ಅಲ್ಲಿಯ ಗಾಜಿನ ಕಪಾಟಿನಲ್ಲಿ ಅಜ್ಜಿಯ ಕಾಲದ ಗೋಕಾಕದ ಕಟ್ಟಿಗೆಯ ಹಣ್ಣುಗಳಿದ್ದವು. ಹಗುರ ಮರವನ್ನು ಕೊರೆದು, ಬಣ್ಣ ಹಚ್ಚಿ ಕುಶಲಿಗಳು ಮಾಡಿದ ಮಾವು, ಬಾಳೆ, ಸೀತಾಫಲಗಳನ್ನು ನೋಡಿ ಎಷ್ಟೋ ಕೂಸುಗಳು ನಿಜವೆಂದು ಕೈಚಾಚಿದ್ದುಂಟು. ಕೈಕಾಯಕದ ಘನತೆಯನ್ನು ನಾವು ಮೊದಲು ಅರಿತದ್ದು ಆ ಹಣ್ಣುಗಳಿಂದಲೇ.

2019ರ ಆಗಸ್ಟ್ ತಿಂಗಳಲ್ಲಿ ಹೊಳೆ ಬಂದಿತು. ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಮಾರ್ಕಂಡೇಯ ನದಿಯ ನೀರೂ ಕೂಡಿ, ಲೋಳಸೂರ ಸೇತುವೆ ಮುಳುಗಿ, ಪೇಟೆಯ ಓಣಿಗಳು ಜಲಮಯವಾದವು. ತವರಿನವರು ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ನೀರಿಳಿದ ಮೇಲೆ ನಾವು ಹೋಗಿ ನೋಡಿದಾಗ ದೇವರ ಮಾಡದವರೆಗೆ ಕೆಸರಿನ ಗೆರೆ. ಕಪಾಟಿನ ಹಣ್ಣುಗಳು ನೀರುಂಡು ಬಿರಿದು ಬಣ್ಣ ಕಳೆದುಕೊಂಡಿದ್ದವು. ಆ ದುಃಖವನ್ನು ಮತ್ತೆ ನೋಡಬಾರದೆಂದು ಅವಸರದಿಂದ ಗೋಡೆಗೆ ಸುಣ್ಣ ಬಳಿಸಿದೆವು.

ಇಂಗ್ಲೆಂಡಿನಲ್ಲಿರುವ ನಮ್ಮ ಮಗಳು ಕಳೆದ ವರ್ಷ ಒಂದು ಭಾವಚಿತ್ರ ಕಳಿಸಿದಳು. ಸೆವರ್ನ್ ನದಿಯ ದಂಡೆಯ ಮೇಲಿನ ವೂಸ್ಟರ್ ಎಂಬ ಊರಿನಲ್ಲಿ, ಪ್ರಾಚೀನ ಬಾಗಿಲೊಂದರ ಗೋಡೆಯ ಮೇಲೆ, ಶತಮಾನಗಳಿಂದ ಬಂದ ಪ್ರವಾಹಗಳ ಮಟ್ಟವನ್ನು ಇಸವಿಸಹಿತ ಗುರುತು ಮಾಡಿದ್ದಾರೆ. ಅದನ್ನು ಕಂಡ ಕಿರಿಯ ಮೊಮ್ಮಗ, "ನಮ್ಮ ಗೋಕಾಕದ ಮನೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಿದ. ಬಿಳಿಯ ಗೋಡೆಯ ಮುಂದೆ ನಿಂತು ನಾವು ಅಂದಾಜಿನಿಂದ ಕೈಯೆತ್ತಬೇಕಾಯಿತು.

ನಾಚಿಕೆಯೆನಿಸಿತು. ಗುಡಿ, ಸೇತುವೆ, ಗಿರಣಿಗಳಷ್ಟೇ ಪರಂಪರೆಯಲ್ಲ. ಹೊಳೆಯು ತನ್ನ ದಾರಿಯನ್ನು ಮರೆಯುವುದಿಲ್ಲವೆಂಬ ಹಿರಿಯರ ಎಚ್ಚರಿಕೆಯೂ ಪರಂಪರೆಯೇ. ಅದನ್ನು ಅಳಿಸಿದವರು ನಾವೇ. ದಂಡೆಗೆ ಮತ್ತಷ್ಟು ಸಮೀಪ ಮನೆ ಕಟ್ಟಲು ಹೊರಡುವ ಮುಂದಿನ ಪೀಳಿಗೆಗೆ ಆ ಗೆರೆಯಲ್ಲದೆ ಬೇರಾರು ಬುದ್ಧಿ ಹೇಳಬೇಕು?

ನೆರೆಹೊರೆಯವರನ್ನು ವಿಚಾರಿಸಿ, ಮಾಡದ ಅಂಚಿಗೆ ಒಂದು ಗೆರೆ ಕೊರೆಸಿ, "ಆಗಸ್ಟ್ 2019" ಎಂದು ಬರೆಯಿಸಿದ್ದೇವೆ. ಬಿರಿದ ಮಾವಿನಹಣ್ಣೊಂದನ್ನು ಅದರ ಕೆಳಗಿಟ್ಟಿದ್ದೇವೆ. ಹೊಳೆದಂಡೆಯ ಬಂಧುಗಳು ತಮ್ಮ ಮನೆಗಳಲ್ಲಿಯೂ ಇಂತಹದೊಂದು ಗೆರೆಯನ್ನು ಉಳಿಸಿಕೊಳ್ಳಲೆಂದು ನಮ್ಮ ವಿನಮ್ರ ಬಿನ್ನಹ.